ಅಪಾಚೆ ಕಾಫ್ಕಾ: ಏಳು ವರ್ಷ ನಡೆಸಿದ ಮೇಲಿನ ಮಾತು

ನಾನು ಬೆಂಗಳೂರಿನ ಆನ್‌ಲೈನ್ ಮಾರಾಟ ಸಂಸ್ಥೆಯೊಂದರಲ್ಲಿ ಸರ್ವರ್ ಬದಿಯ ಎಂಜಿನಿಯರ್. ಗ್ರಾಹಕರು ನೋಡುವ ಪರದೆಗಳಿಗೂ ನನಗೂ ಸಂಬಂಧವಿಲ್ಲ. ಅವರು ಗುಂಡಿ ಒತ್ತಿದ ಮೇಲೆ ಆ ಸುದ್ದಿ ಪಾವತಿ, ಗೋದಾಮು, ಸಾಗಣೆ, ಎಸ್ಸೆಮ್ಮೆಸ್, ಲೆಕ್ಕಪತ್ರ ಎಂಬ ಬೇರೆ ಬೇರೆ ವ್ಯವಸ್ಥೆಗಳಿಗೆ ತಪ್ಪದೆ, ನಡೆದ ಕ್ರಮದಲ್ಲಿಯೇ ತಲುಪುವಂತೆ ನೋಡಿಕೊಳ್ಳುವುದು ನಮ್ಮ ತಂಡದ ಹೊಣೆ. ಇದಕ್ಕಾಗಿ ನಾವು 2018ರಿಂದ ನೆಚ್ಚಿಕೊಂಡಿರುವ ತಂತ್ರಾಂಶ ಅಪಾಚೆ ಕಾಫ್ಕಾ. 1.1ನೇ ಆವೃತ್ತಿಯಿಂದ ಆರಂಭಿಸಿ 2025ರಲ್ಲಿ 4.0ಕ್ಕೆ ಬಂದು ನಿಂತಿದ್ದೇವೆ. ಕೊಳ್ಳುವ ಮುನ್ನ, ಅಂದರೆ ಇಲ್ಲಿ ಅಳವಡಿಸಿಕೊಳ್ಳುವ ಮುನ್ನ, ಯಾರಾದರೂ ನನಗೆ ಹೇಳಬೇಕಿತ್ತು ಅನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂದೆ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಮುಂದೆ ಎರಡು ಬಗೆಯ ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿ ಮೊದಲು ಕಿರ್ದಿಗೆ ಇಳಿಯುತ್ತಿತ್ತು. ಆಮೇಲೆ ಬಿಡುವಾದಾಗ ಕಿರ್ದಿಯನ್ನು ಓದಿಕೊಂಡು ಒಬ್ಬೊಬ್ಬ ಬೆಳೆಗಾರನ ಹೆಸರಿನ ಖಾತೆಗೆ ಏರಿಸುತ್ತಿದ್ದರು. ಕಿರ್ದಿಯಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ. ತಪ್ಪಾಗಿದ್ದರೆ ಅದನ್ನು ಸರಿಪಡಿಸುವ ಇನ್ನೊಂದು ನಮೂದನ್ನು ಕೆಳಗೆ ಬರೆಯಬೇಕಿತ್ತು. ಕಾಫ್ಕಾ ಏನು ಎಂದು ಹೊಸದಾಗಿ ತಂಡಕ್ಕೆ ಸೇರಿದವರು ಕೇಳಿದಾಗ ನಾನು ಈ ಕಿರ್ದಿಯ ಉದಾಹರಣೆಯನ್ನೇ ಕೊಡುತ್ತೇನೆ. ಸಂದೇಶವನ್ನು ಬರೆಯುವ ಪ್ರೊಡ್ಯೂಸರ್ ಕಡತದ ಕೊನೆಗೆ ಮಾತ್ರ ಸೇರಿಸಬಲ್ಲದು. ಓದುವ ಕನ್ಸ್ಯೂಮರ್ ತಾನು ಎಷ್ಟನೇ ಸಾಲಿನವರೆಗೆ ಓದಿದ್ದೇನೆ ಎಂಬುದನ್ನು ಆಫ್‌ಸೆಟ್ ಎಂಬ ಸಂಖ್ಯೆಯಲ್ಲಿ ಗುರುತಿಟ್ಟುಕೊಳ್ಳುತ್ತದೆ. ಒಬ್ಬರು ಓದಿದರೆಂದು ಸಂದೇಶ ಅಳಿಯುವುದಿಲ್ಲ. ಹತ್ತು ವಿಭಾಗಗಳು ಅದೇ ಕಿರ್ದಿಯನ್ನು ತಮ್ಮ ತಮ್ಮ ವೇಗದಲ್ಲಿ ಓದಿ ಹತ್ತು ಖಾತೆಗಳನ್ನು ಮಾಡಿಕೊಳ್ಳಬಹುದು. ಲೆಕ್ಕಪತ್ರ ವಿಭಾಗದ ಪ್ರೋಗ್ರಾಂನಲ್ಲಿ ದೋಷವಿದ್ದು ಮೂರು ದಿನದ ಮೊತ್ತ ತಪ್ಪಾದರೆ, ದೋಷವನ್ನು ತಿದ್ದಿ, ಆಫ್‌ಸೆಟ್ಟನ್ನು ಮೂರು ದಿನ ಹಿಂದಕ್ಕೆ ಇಟ್ಟು ಮತ್ತೆ ಓದಿಸಿದರಾಯಿತು. ಈ ಒಂದು ಸೌಲಭ್ಯ ನಮ್ಮನ್ನು ಎಷ್ಟು ಸಲ ಕಾಪಾಡಿದೆ ಎಂಬುದರ ಲೆಕ್ಕವನ್ನು ನಾವು ಇಟ್ಟಿಲ್ಲ.

ಕಾಫ್ಕಾ ಹುಟ್ಟಿದ್ದು ಲಿಂಕ್ಡ್‌ಇನ್ ಸಂಸ್ಥೆಯಲ್ಲಿ. ಜೇ ಕ್ರೆಪ್ಸ್, ನೇಹಾ ನಾರ್ಖೇಡೆ ಮತ್ತು ಜುನ್ ರಾವ್ ಅದನ್ನು ಕಟ್ಟಿದರು. 2011ರಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಬರೆಯುವುದಕ್ಕಾಗಿಯೇ ಹದಗೊಳಿಸಿದ ವ್ಯವಸ್ಥೆಗೆ ಬರಹಗಾರನೊಬ್ಬನ ಹೆಸರಿರಲಿ ಎಂದು ಕ್ರೆಪ್ಸ್ ಈ ಹೆಸರನ್ನು ಆರಿಸಿದರಂತೆ. ಆ ಬರಹಗಾರನ ಕಥೆಗಳ ದಿಕ್ಕೆಟ್ಟ ನಾಯಕರ ನೆನಪು ರಾತ್ರಿ ಪಾಳಿಯ ಎಂಜಿನಿಯರನಿಗೂ ಆಗಾಗ ಬರುತ್ತದೆ ಎಂಬುದು ಬೇರೆ ಮಾತು. ಲಿಂಕ್ಡ್‌ಇನ್ ತನ್ನ ಕಾಫ್ಕಾ ವ್ಯವಸ್ಥೆ ದಿನಕ್ಕೆ 7 ಲಕ್ಷ ಕೋಟಿ ಸಂದೇಶಗಳನ್ನು ನಿಭಾಯಿಸುತ್ತಿದೆ ಎಂದು 2019ರಲ್ಲಿ ಪ್ರಕಟಿಸಿತ್ತು. ನಮ್ಮದು ಅದರ ಮುಂದೆ ಆನೆಯ ಮುಂದಿನ ಇರುವೆ. ಆದರೂ ವೇಗದ ವಿಷಯದಲ್ಲಿ ನಮಗೆ ಒಮ್ಮೆಯೂ ಕೊರತೆ ಕಂಡಿಲ್ಲ. ಅದರ ಗುಟ್ಟು ಸರಳವಾಗಿದೆ. ಡಿಸ್ಕಿನ ಮೇಲೆ ಅಲ್ಲಿ ಇಲ್ಲಿ ಹುಡುಕದೆ ಸಾಲಾಗಿ ಬರೆಯುವುದು, ಸಂದೇಶಗಳನ್ನು ಒಂದೊಂದಾಗಿ ಅಲ್ಲದೆ ಕಂತೆಗಳಾಗಿ ಸಾಗಿಸುವುದು, ನೆನಪಿನ ನಿರ್ವಹಣೆಯನ್ನು ಆಪರೇಟಿಂಗ್ ಸಿಸ್ಟಮ್ಮಿನ ಪೇಜ್ ಕ್ಯಾಶ್‌ಗೆ ಒಪ್ಪಿಸಿ, ಓದುವವರಿಗೆ ಕಡತದಿಂದ ನೆಟ್‌ವರ್ಕ್‌ಗೆ ನೇರವಾಗಿ ದಾಟಿಸುವುದು. ಟಿಎಲ್ಎಸ್ ಗೂಢಲಿಪಿಯನ್ನು ಜಾರಿಗೆ ತಂದರೆ ಈ ನೇರ ದಾಟಿಸುವಿಕೆ ನಿಂತುಹೋಗಿ ಸಿಪಿಯು ಬಳಕೆ ಏರುತ್ತದೆ ಎಂಬುದನ್ನು ಯಂತ್ರಗಳಿಗೆ ಹಣ ಮಂಜೂರು ಮಾಡಿಸುವಾಗಲೇ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ವೇಗಕ್ಕಿಂತ ಹೆಚ್ಚು ಗಮನ ಬೇಡುವುದು ಭದ್ರತೆಯ ವಿಷಯ, ಅಂದರೆ ಒಪ್ಪಿಸಿದ ಸಂದೇಶ ಉಳಿಯುತ್ತದೆಯೇ ಎಂಬ ಪ್ರಶ್ನೆ. ಕಾಫ್ಕಾ ಸಂದೇಶವನ್ನು ಕಳೆಯುವುದಿಲ್ಲ ಎಂಬ ಮಾತನ್ನು ನಾವೂ ನಂಬಿ ಆರಂಭಿಸಿದೆವು. ಅದು ಪೂರ್ಣ ಸತ್ಯವಲ್ಲ. ಕಳೆಯಬಾರದೆಂದು ನಾವು ಸ್ಪಷ್ಟವಾಗಿ ಕೇಳಿದರೆ ಮಾತ್ರ ಅದು ಕಳೆಯುವುದಿಲ್ಲ. ಒಂದೊಂದು ಸಂದೇಶದ ಪ್ರತಿಗಳನ್ನು (ನಕಲುಗಳನ್ನು) ಬ್ರೋಕರ್ ಎಂಬ ಹಲವು ಕಾಫ್ಕಾ ಯಂತ್ರಗಳು ಇಟ್ಟುಕೊಳ್ಳುತ್ತವೆ, ಅವುಗಳಲ್ಲಿ ಒಂದು ಮುಖ್ಯ. 3.0ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಪ್ರೊಡ್ಯೂಸರ್‌ನ ಮೂಲ ಹೊಂದಾಣಿಕೆಯಂತೆ (ಡೀಫಾಲ್ಟ್ ಸೆಟ್ಟಿಂಗ್) ಮುಖ್ಯ ಬ್ರೋಕರ್ ಮಾತ್ರ ಸಂದೇಶವನ್ನು ಪಡೆದಿದ್ದರೂ ರಸೀದಿ ಸಿಗುತ್ತಿತ್ತು. ಉಳಿದ ಪ್ರತಿಗಳು ಬರೆದುಕೊಳ್ಳುವ ಮೊದಲೇ ಆ ಯಂತ್ರ ಕೆಟ್ಟರೆ ರಸೀದಿ ನಮ್ಮ ಕೈಯಲ್ಲಿ, ಸಂದೇಶ ಎಲ್ಲಿಯೂ ಇಲ್ಲ. 3.0ರಿಂದ ಎಲ್ಲ ಪ್ರತಿಗಳ ಒಪ್ಪಿಗೆಯನ್ನು ಕೇಳುವುದೇ ಮೂಲ ಹೊಂದಾಣಿಕೆಯಾಗಿದೆ. ಆದರೆ ಇಲ್ಲಿ ಎಲ್ಲ ಎಂಬ ಪದವನ್ನು ಎಚ್ಚರದಿಂದ ಓದಬೇಕು. ಅದರ ಅರ್ಥ ಆ ಕ್ಷಣದಲ್ಲಿ ಮುಖ್ಯ ಪ್ರತಿಯ ಜೊತೆಗೆ ಹೆಜ್ಜೆ ಹಾಕುತ್ತಿರುವ ಎಲ್ಲ ಪ್ರತಿಗಳು ಎಂದಷ್ಟೇ. ಮೂರರಲ್ಲಿ ಎರಡು ಹಿಂದೆ ಬಿದ್ದಿದ್ದರೆ ಉಳಿದ ಒಂದೇ ಎಲ್ಲ ಎನಿಸಿಕೊಳ್ಳುತ್ತದೆ. ಕನಿಷ್ಠ ಎಷ್ಟು ಪ್ರತಿಗಳು ಹಾಜರಿರಬೇಕು ಎಂಬ ಹೊಂದಾಣಿಕೆ ಬೇರೆಯೇ ಇದೆ, ಅದರ ಮೂಲ ಮೌಲ್ಯ ಇಂದಿಗೂ 1. ಮೂರು ಪ್ರತಿ ಮತ್ತು ಕನಿಷ್ಠ ಎರಡು ಹಾಜರಿ ಎಂದು ಇಟ್ಟುಕೊಳ್ಳುವುದು ಈ ಕ್ಷೇತ್ರದ ವಾಡಿಕೆ, ನಾವೂ ಹಾಗೆಯೇ ಇಟ್ಟಿದ್ದೇವೆ. ಇನ್ನೊಂದು ಸಂಗತಿ: ಕಾಫ್ಕಾ ಪ್ರತಿ ಸಂದೇಶವನ್ನೂ ಆ ಕ್ಷಣವೇ ಡಿಸ್ಕಿಗೆ ಇಳಿಸಿ ಖಚಿತಪಡಿಸಿಕೊಳ್ಳುವುದಿಲ್ಲ, ಬೇರೆ ಯಂತ್ರಗಳಲ್ಲಿ ಪ್ರತಿ ಇದೆಯೆಂಬ ಧೈರ್ಯದ ಮೇಲೆ ಮುಂದುವರಿಯುತ್ತದೆ. ಹೀಗಿರುವಾಗ ಮೂರೂ ಯಂತ್ರಗಳನ್ನು ಒಂದೇ ವಿದ್ಯುತ್ ಸಂಪರ್ಕದಡಿ ಇಟ್ಟರೆ ಮೂರು ಪ್ರತಿಗೆ ಅರ್ಥವಿಲ್ಲ.

ನಮಗೆ ನಿಜವಾದ ಪಾಠವಾದದ್ದು ಬೇರೆ ಕಡೆಯಿಂದ. ಒಂದು ಹಬ್ಬದ ಮಾರಾಟದ ರಾತ್ರಿ, ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳುಹಿಸುವ ನಮ್ಮ ಕನ್ಸ್ಯೂಮರ್‌ಗಳ ಲ್ಯಾಗ್, ಅಂದರೆ ಓದದೆ ಉಳಿದ ಸಂದೇಶಗಳ ಸಂಖ್ಯೆ, ಏರತೊಡಗಿತು. ನಾನು ಅಂದು ಆನ್‌ಕಾಲ್, ಅಂದರೆ ತೊಂದರೆಯಾದರೆ ಎದ್ದು ನೋಡುವ ಪಾಳಿಯಲ್ಲಿ ಇದ್ದೆ. ಕನ್ಸ್ಯೂಮರ್ ಒಂದು ಸಲಕ್ಕೆ ಗರಿಷ್ಠ 500 ಸಂದೇಶಗಳನ್ನು ಪಡೆಯುತ್ತದೆ, ಅವುಗಳನ್ನು ಮುಗಿಸಿ ಮತ್ತೆ ಕೇಳುವುದಕ್ಕೆ 5 ನಿಮಿಷಗಳ ಗಡುವಿರುತ್ತದೆ. ಇವೆರಡೂ ಮೂಲ ಹೊಂದಾಣಿಕೆಗಳು, ನಾವು ಮುಟ್ಟಿರಲಿಲ್ಲ. ಸಾಮಾನ್ಯ ದಿನಗಳಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 0.1 ಸೆಕೆಂಡು ಹಿಡಿಯುತ್ತಿದ್ದುದರಿಂದ 500ಕ್ಕೆ 50 ಸೆಕೆಂಡು ಸಾಕಾಗುತ್ತಿತ್ತು. ಆ ರಾತ್ರಿ ದಟ್ಟಣೆಯಿಂದಾಗಿ ಒಂದೊಂದಕ್ಕೆ 0.8 ಸೆಕೆಂಡು, ಅಂದರೆ ಒಟ್ಟು 400 ಸೆಕೆಂಡು ಹಿಡಿಯಿತು. ಗಡುವು 300. ಗಡುವು ಮೀರಿದ ಕನ್ಸ್ಯೂಮರ್ ಕೆಲಸ ಹಂಚಿಕೊಂಡಿದ್ದ ತನ್ನ ಗುಂಪಿನಿಂದ ಹೊರಬಿದ್ದಿತು, ಅದರ ಪಾಲಿನ ಪಾರ್ಟಿಷನ್ (ಒಂದು ವಿಷಯದ ಸಂದೇಶಗಳ ಕಿರ್ದಿಯಾದ ಟಾಪಿಕ್ಕಿನ ಒಂದು ಭಾಗ) ಇನ್ನೊಂದಕ್ಕೆ ಹೋಯಿತು, ಇನ್ನೊಂದು ಅದೇ 500 ಸಂದೇಶಗಳನ್ನು ಮೊದಲಿನಿಂದ ಕಳುಹಿಸತೊಡಗಿತು, ಅದೂ ಗಡುವು ಮೀರಿ ಹೊರಬಿದ್ದಿತು. ಗ್ರಾಹಕರಿಗೆ ಒಂದೇ ಎಸ್ಸೆಮ್ಮೆಸ್ ನಾಲ್ಕು ಸಲ, ಐದು ಸಲ ಹೋಗುತ್ತಿದ್ದರೂ ನಮ್ಮ ಲೆಕ್ಕದಲ್ಲಿ ಒಂದೂ ಮುಗಿದಿರಲಿಲ್ಲ. ಪ್ರೋಗ್ರಾಂ ಜೀವಂತವಾಗಿದೆ ಎಂದು ಸಾರುವ ಹಾರ್ಟ್‌ಬೀಟ್ ಮಾತ್ರ ಹಿನ್ನೆಲೆಯಲ್ಲಿ ನಿಯಮಿತವಾಗಿ ಹೋಗುತ್ತಿದ್ದುದರಿಂದ ನಮ್ಮ ನಿಗಾ ಫಲಕದಲ್ಲಿ ಎಲ್ಲವೂ ಹಸಿರಾಗಿಯೇ ಇತ್ತು.

ನಿದ್ದೆಗಣ್ಣಿನಲ್ಲಿ ನಾನು ಮಾಡಿದ ಮೊದಲ ಕೆಲಸ ಕನ್ಸ್ಯೂಮರ್‌ಗಳ ಸಂಖ್ಯೆಯನ್ನು 12ರಿಂದ 24ಕ್ಕೆ ಏರಿಸಿದ್ದು. ಅದು ಎರಡು ರೀತಿಯಲ್ಲಿ ತಪ್ಪಾಗಿತ್ತು. ಒಂದು ಗುಂಪಿನಲ್ಲಿ ಒಂದು ಪಾರ್ಟಿಷನ್ನನ್ನು ಒಂದೇ ಕನ್ಸ್ಯೂಮರ್ ಓದಬಲ್ಲದು. ನಮ್ಮ ಟಾಪಿಕ್ಕಿಗೆ 12 ಪಾರ್ಟಿಷನ್‌ಗಳಷ್ಟೇ ಇದ್ದುದರಿಂದ ಹೊಸ 12 ಕನ್ಸ್ಯೂಮರ್‌ಗಳು ಸುಮ್ಮನೆ ಕುಳಿತವು. ಅಷ್ಟೇ ಅಲ್ಲದೆ, ಹೊಸಬರು ಸೇರಿದಾಗಲೆಲ್ಲ ರೀಬ್ಯಾಲೆನ್ಸ್ ನಡೆದು, ಅಂದಿನ ಆವೃತ್ತಿಯಲ್ಲಿ ಇಡೀ ಗುಂಪೇ ಕೆಲಸ ನಿಲ್ಲಿಸಿ ಪಾಲು ಹಂಚಿಕೊಳ್ಳುವವರೆಗೆ ಕಾಯಬೇಕಾಗುತ್ತಿತ್ತು. 2.4ರಲ್ಲಿ ಬಂದ ಸಹಕಾರಿ ಪದ್ಧತಿಯಿಂದ ಈ ನಿಲುಗಡೆ ಬಹಳ ಕಡಿಮೆಯಾಗಿದೆ, 4.0ರ ಹೊಸ ಪ್ರೊಟೊಕಾಲ್‌ನಲ್ಲಿ ಇನ್ನೂ ಹದವಾಗಿದೆ. ನಮಗೆ ಕೊನೆಗೆ ಪರಿಹಾರವಾದದ್ದು ಎರಡೇ ಬದಲಾವಣೆ. ಒಂದು ಸಲಕ್ಕೆ ಪಡೆಯುವ ಸಂದೇಶಗಳನ್ನು 50ಕ್ಕೆ ಇಳಿಸಿದೆವು; ಪ್ರತಿ ಸಂದೇಶದ ಗುರುತುಸಂಖ್ಯೆಯನ್ನು ಡೇಟಾಬೇಸಿನಲ್ಲಿ ದಾಖಲಿಸಿ, ಈಗಾಗಲೇ ಕಳುಹಿಸಿದ್ದನ್ನು ಮತ್ತೆ ಕಳುಹಿಸದಂತೆ ಮಾಡಿದೆವು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಕನ್ಸ್ಯೂಮರ್‌ಗಳು ಸುಮ್ಮನೆ ಕುಳಿತದ್ದು ಮನಸ್ಸನ್ನು ಕೊರೆಯುತ್ತಿದ್ದ ಕಾರಣ ಮರುವಾರ ಆರ್ಡರ್‌ಗಳ ಟಾಪಿಕ್ಕನ್ನೂ ಸೇರಿಸಿ ಎಲ್ಲದರ ಪಾರ್ಟಿಷನ್‌ಗಳನ್ನು 24ಕ್ಕೆ ಏರಿಸಿದೆವು. ಕಾಫ್ಕಾದಲ್ಲಿ ಕ್ರಮದ ಭರವಸೆ ಇರುವುದು ಒಂದು ಪಾರ್ಟಿಷನ್ನಿನ ಒಳಗೆ ಮಾತ್ರ. ಆರ್ಡರ್ ಸಂಖ್ಯೆಯಂಥ ಕೀಲಿಯಿಂದ ಹ್ಯಾಶ್ ಎಂಬ ಸಂಖ್ಯೆಯನ್ನು ಲೆಕ್ಕಹಾಕಿ, ಅದನ್ನು ಪಾರ್ಟಿಷನ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷವೇ ಆ ಸಂದೇಶದ ವಿಳಾಸ. ಭಾಜಕ 12ರಿಂದ 24 ಆದೊಡನೆ ಸುಮಾರು ಅರ್ಧದಷ್ಟು ಕೀಲಿಗಳ ವಿಳಾಸ ಬದಲಾಯಿತು. ಆರ್ಡರ್ ಬಂದ ಸುದ್ದಿ ಹಳೆಯ ಪಾರ್ಟಿಷನ್ನಿನ ಉದ್ದನೆಯ ಸಾಲಿನಲ್ಲಿ ಕಾಯುತ್ತಿರುವಾಗ, ಅದೇ ಆರ್ಡರ್ ರದ್ದಾದ ಸುದ್ದಿ ಖಾಲಿಯಿದ್ದ ಹೊಸ ಪಾರ್ಟಿಷನ್ನಿಗೆ ಹೋಗಿ ಮೊದಲು ತಲುಪಿತು. ಇಂಥ ಆರ್ಡರೇ ಇಲ್ಲವೆಂದು ಗೋದಾಮಿನ ಪ್ರೋಗ್ರಾಂ ರದ್ದತಿಯನ್ನು ಬದಿಗಿಟ್ಟಿತು, ಆಮೇಲೆ ಬಂದ ಆರ್ಡರನ್ನು ನಿಷ್ಠೆಯಿಂದ ಕಟ್ಟಿ ಕಳುಹಿಸಿತು. ಏರಿಸಿದ್ದನ್ನು ಇಳಿಸೋಣವೆಂದರೆ ಪಾರ್ಟಿಷನ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಲು ಕಾಫ್ಕಾದಲ್ಲಿ ಅವಕಾಶವಿಲ್ಲ. ಇದು ತಂತ್ರಾಂಶದ ದೋಷವಲ್ಲ, ದಾಖಲೆಗಳಲ್ಲಿ ಇರುವ ಸಂಗತಿ. ಓದದೇ ಮಾಡಿದ್ದು ನಾವು. ಕ್ರಮ ಮುಖ್ಯವಾದ ಕಡೆ ಹೊಸ ಟಾಪಿಕ್ಕನ್ನೇ ತೆರೆದು, ಹಳೆಯದನ್ನು ಪೂರ್ತಿ ಓದಿ ಮುಗಿಸಿ ದಾಟುವುದು ಈಗ ನಮ್ಮ ಪದ್ಧತಿ.

2017ರ 0.11ನೇ ಆವೃತ್ತಿಯಿಂದ ಕಾಫ್ಕಾ ಪ್ರತಿ ಸಂದೇಶವನ್ನು ನಿಖರವಾಗಿ ಒಂದೇ ಸಲ ಸಂಸ್ಕರಿಸುವ ಸೌಲಭ್ಯವನ್ನೂ ಕೊಡುತ್ತದೆ. ಒಂದು ಟಾಪಿಕ್ಕಿನಿಂದ ಓದಿ, ಲೆಕ್ಕಮಾಡಿ, ಇನ್ನೊಂದು ಟಾಪಿಕ್ಕಿಗೆ ಬರೆಯುವವರೆಗೆ ಆ ಭರವಸೆ ಉಳಿಯುತ್ತದೆ. ಎಸ್ಸೆಮ್ಮೆಸ್, ಪಾವತಿ, ಹೊರಗಿನ ಡೇಟಾಬೇಸ್ ಎಂದು ಕಾಫ್ಕಾದ ಹೊಸ್ತಿಲು ದಾಟಿದೊಡನೆ ಪುನರಾವರ್ತನೆಯನ್ನು ತಡೆಯುವ ಹೊಣೆ ನಮ್ಮದೇ. ಸಂದರ್ಶನಗಳಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಹೆಚ್ಚಿನ ಅಭ್ಯರ್ಥಿಗಳು ಸೌಲಭ್ಯದ ಹೆಸರನ್ನು ಹೇಳುತ್ತಾರೆ, ಹೊಸ್ತಿಲನ್ನು ಹೇಳುವುದಿಲ್ಲ.

ಬಳಕೆಯ ಅನುಕೂಲದಲ್ಲಿ ನಾನು ಕಡಿಮೆ ಅಂಕ ಕೊಡುತ್ತೇನೆ. ಜೊತೆಗೆ ಬರುವ ಸಲಕರಣೆಗಳೆಲ್ಲ ಆದೇಶ ಸಾಲಿನ ಸ್ಕ್ರಿಪ್ಟ್‌ಗಳು. ಟಾಪಿಕ್‌ಗಳನ್ನು ಕಣ್ಣಿಂದ ನೋಡುವ ಫಲಕ ಬೇಕಾದರೆ ಬೇರೆಯವರದನ್ನು ತರಬೇಕು. ದಾಖಲೆಗಳು ವಿಸ್ತಾರವಾಗಿವೆ, ಆದರೆ ನೂರಾರು ಹೊಂದಾಣಿಕೆಗಳ ಪಟ್ಟಿಯಲ್ಲಿ ಯಾವ ಹತ್ತನ್ನು ಮೊದಲು ನೋಡಬೇಕೆಂದು ಹೊಸಬರಿಗೆ ತಿಳಿಯುವುದಿಲ್ಲ.

ತಂತ್ರಾಂಶಕ್ಕೆ ಬೆಲೆಯಿಲ್ಲ, ನಡೆಸುವುದಕ್ಕೆ ಇದೆ. ದಿನಕ್ಕೆ 200 ಜಿಬಿ ದತ್ತಾಂಶ ಬರುತ್ತದೆ ಎಂದುಕೊಳ್ಳೋಣ. ಮೂಲ ಹೊಂದಾಣಿಕೆಯಂತೆ 7 ದಿನ ಉಳಿಸಿ, ಮೂರು ಪ್ರತಿ ಇಟ್ಟರೆ 4.2 ಟಿಬಿ ಡಿಸ್ಕ್ ತುಂಬುತ್ತದೆ. ಹಳೆಯ ಭಾಗವನ್ನು ಅಗ್ಗದ ಸಂಗ್ರಹಕ್ಕೆ ದಾಟಿಸುವ ಸೌಲಭ್ಯ 3.9ರಿಂದ ನೆಚ್ಚಿಕೊಳ್ಳುವ ಮಟ್ಟಕ್ಕೆ ಬಂದಿದೆ. ಯಂತ್ರಗಳ ಬಾಡಿಗೆಗಿಂತ ದುಬಾರಿಯಾದದ್ದು ಇದನ್ನು ಅರಿತು ರಾತ್ರಿ ಎದ್ದು ನೋಡಬಲ್ಲ ಇಬ್ಬರು ಮೂವರು ಎಂಜಿನಿಯರ್‌ಗಳ ಸಮಯ. ಅವರಿಲ್ಲದ ಸಂಸ್ಥೆಗಳು ನಿರ್ವಹಣೆಯನ್ನು ಹೊರಗಿನ ಸೇವೆಗೆ ಒಪ್ಪಿಸುವುದು ಸರಿ, ಆದರೆ ಮೇಲೆ ಹೇಳಿದ ಎಸ್ಸೆಮ್ಮೆಸ್ ರಾತ್ರಿಯನ್ನು ಯಾವ ಸೇವೆಯೂ ತಪ್ಪಿಸುವುದಿಲ್ಲ, ಏಕೆಂದರೆ ಅದು ನಡೆದದ್ದು ಕನ್ಸ್ಯೂಮರ್ ಬದಿಯಲ್ಲಿ. ದಿನಕ್ಕೆ ಕೆಲವು ಸಾವಿರ ಕೆಲಸಗಳನ್ನು ಸಾಲಿನಲ್ಲಿಟ್ಟು ಮುಗಿಸುವುದಷ್ಟೇ ಬೇಕಾದವರಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಒಂದು ಕೋಷ್ಟಕ ಸಾಕು. ಬೇರೊಬ್ಬರು ಕೈಗೆತ್ತಿಕೊಂಡ ಸಾಲನ್ನು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳುವ ಸೌಲಭ್ಯ ಅದರಲ್ಲಿ 9.5ನೇ ಆವೃತ್ತಿಯಿಂದಲೇ ಇದೆ. ಒಂದು ಕೆಟ್ಟ ಸಂದೇಶವನ್ನು ಬದಿಗಿಟ್ಟು ಮುಂದೆ ಹೋಗುವ ಸಣ್ಣ ವಿಷಯಕ್ಕೂ ಕಾಫ್ಕಾದ ಸಾಮಾನ್ಯ ಕನ್ಸ್ಯೂಮರ್‌ನಲ್ಲಿ ನಾವೇ ಕೋಡ್ ಬರೆಯಬೇಕು.

ಇತ್ತೀಚಿನ ದೊಡ್ಡ ಸುಧಾರಣೆಯೆಂದರೆ ಝೂಕೀಪರ್‌ನ ನಿರ್ಗಮನ. ಯಾವ ಪಾರ್ಟಿಷನ್ನಿನ ಮುಖ್ಯ ಪ್ರತಿ ಎಲ್ಲಿದೆ ಎಂಬಂಥ ಆಡಳಿತದ ಮಾಹಿತಿಯನ್ನು ಇಡಲು ಕಾಫ್ಕಾ ಬಹುಕಾಲ ಝೂಕೀಪರ್ ಎಂಬ ಪ್ರತ್ಯೇಕ ವ್ಯವಸ್ಥೆಯನ್ನು ಅವಲಂಬಿಸಿತ್ತು. ಹೀಗಾಗಿ ಒಂದನ್ನು ಕಲಿಯಬಂದವರು ಎರಡನ್ನು ಕಲಿಯಬೇಕಾಗಿತ್ತು. ಕ್ರಾಫ್ಟ್ ಎಂಬ ಹೊಸ ವ್ಯವಸ್ಥೆಯಲ್ಲಿ ಕಾಫ್ಕಾ ಆ ಮಾಹಿತಿಯನ್ನೂ ತನ್ನದೇ ಕಿರ್ದಿಯಲ್ಲಿ ಬರೆದುಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಬಂದ 4.0ರಲ್ಲಿ ಝೂಕೀಪರ್‌ಗೆ ಜಾಗವೇ ಇಲ್ಲ, ಆದ್ದರಿಂದ ಹಳೆಯ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಗುಂಪು) ಉಳ್ಳವರು ಅದಕ್ಕೆ ನೇರವಾಗಿ ಹಾರುವಂತಿಲ್ಲ. ನಾವು ಮೊದಲು 3.9ಕ್ಕೆ ಏರಿ, ಕ್ರಾಫ್ಟ್‌ನ ಹೊಸ ನಿಯಂತ್ರಕಗಳನ್ನು ಸ್ಥಾಪಿಸಿ, ಎರಡೂ ಕಡೆ ಬರೆಯುವ ನಡುಹಂತದಲ್ಲಿ ಎರಡು ವಾರ ಕಾದು, ಬ್ರೋಕರ್‌ಗಳನ್ನು ಒಂದೊಂದಾಗಿ ಮರುಚಾಲನೆ ಮಾಡಿದೆವು. ಆ ನಡುಹಂತದಲ್ಲಿರುವಾಗ ಹಿಂದಿರುಗಲು ದಾರಿಯಿದೆ, ಮುಗಿಸಿದ ಮೇಲೆ ಇಲ್ಲ. ಬ್ರೋಕರ್‌ಗಳಿಗೆ ಜಾವಾ 17 ಕಡ್ಡಾಯವಾದದ್ದರಿಂದ ಅದನ್ನೂ ಮೊದಲೇ ಬದಲಿಸಬೇಕಾಯಿತು. ಇಡೀ ಕೆಲಸದಲ್ಲಿ ಒಂದು ಸಂದೇಶವೂ ಕಳೆಯಲಿಲ್ಲ, ಗ್ರಾಹಕರಿಗೆ ಸುಳಿವೂ ಸಿಗಲಿಲ್ಲ. ಝೂಕೀಪರ್ ನಡೆಯುತ್ತಿದ್ದ ಮೂರು ಯಂತ್ರಗಳನ್ನು ಒಂದು ತಿಂಗಳು ಸುಮ್ಮನೆ ಇಟ್ಟುಕೊಂಡು, ಆಮೇಲೆ ಅಳುಕುತ್ತಲೇ ಬಾಡಿಗೆಯಿಂದ ಬಿಡಿಸಿದೆವು.