ಒಂದೇ ಅರಮನೆಗೆ ನಾಲ್ಕು ಬಾಗಿಲು: ಹಳೆಯ ಆಟ, ಹೊಸ ಕನ್ಸೋಲ್

ಅಟ್ಟದಿಂದ ಸೋನಿಯ ಹಳೇ ಗೇಮ್ ಕನ್ಸೋಲ್ ಪಿಎಸ್2 (ಪ್ಲೇಸ್ಟೇಷನ್ 2) ಇಳಿಸಿ, ದೂಳು ಒರೆಸಿ, ಹಾಲ್‌ನ 55 ಇಂಚಿನ 4ಕೆ ಟಿವಿಗೆ ಜೋಡಿಸಿದೆ. ಬಾಯಿಂದ ಬಂದ ಮೊದಲ ಮಾತು, ‘ಇದು ಇಷ್ಟು ಮಂಕಾಗಿತ್ತಾ?’ ಇರಲಿಲ್ಲ. ಅದು ಗೊತ್ತಿದ್ದರಿಂದಲೇ ಒಂದು ತಿಂಗಳು ಕೂತು, ಒಂದೇ ಆಟವನ್ನು ನಾಲ್ಕು ರೀತಿಯಲ್ಲಿ ಆಡಿ ನೋಡಿದೆ.

ಆಟ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’, 2003ರದ್ದು. ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಸೋನಿಯ ಪಿಎಸ್2ಗೂ ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್‌ಗೂ ಬಂದ ಆಟ ಇದು, ಹಾಗಾಗಿ ಎರಡೂ ಮನೆತನಗಳನ್ನು ಅಕ್ಕಪಕ್ಕ ಇಡಬಹುದು. ಇನ್ನೊಂದು, ಇದರ ಬೆಳಕು. ಮೊದಲ ಘಟ್ಟದ ಮಹಾರಾಜನ ಅರಮನೆಯಿಂದ ಹಿಡಿದು ಕೊನೆಯವರೆಗೂ ದೀಪ, ಕಿಟಕಿ, ಮರಳು ಎಲ್ಲದರ ಸುತ್ತ ಒಂದು ಮಸುಕು ಹೊಳಪು ಹರಡಿರುತ್ತದೆ. ಪರದೆ ಸರಿಯಿಲ್ಲದಿದ್ದರೆ ಆ ಹೊಳಪೇ ಮೊದಲು ಕೆಡುವುದು. 2010ರಲ್ಲಿ ಪಿಎಸ್3ಗೆ ಬಂದ ಎಚ್‌ಡಿ ಆವೃತ್ತಿಯನ್ನು ಹೋಲಿಕೆಗೆ ಸೇರಿಸಿಲ್ಲ. ನನಗೆ ಬೇಕಿದ್ದದ್ದು ಹಳೇ ಆಟವೇ.

ಮೊದಲು ಪಿಎಸ್2, ಅಪ್ಪ ಕೊಂಡಿದ್ದ 21 ಇಂಚಿನ ಡಬ್ಬಾ ಟಿವಿಯಲ್ಲಿ. ಹಳದಿ, ಬಿಳಿ, ಕೆಂಪು ಪಿನ್ನಿನ ಅದೇ ಹಳೇ ಕೇಬಲ್. ಆ ಹಳದಿ ತಂತಿಯಲ್ಲಿ ಬೆಳಕೂ ಬಣ್ಣವೂ ಒಟ್ಟಿಗೇ ಹರಿಯುವುದರಿಂದ ಅಂಚುಗಳಲ್ಲಿ ಬಣ್ಣ ಸ್ವಲ್ಪ ಸೋರುತ್ತದೆ. ಆದರೂ ಚಿತ್ರ ಜೀವಂತವಾಗಿದೆ. ಭಾರತದಲ್ಲಿ ಮಾರಿದ ಪಿಎಸ್2 ‘ಪಾಲ್’ ಎಂಬ ಟಿವಿ ಪದ್ಧತಿಯದು: ಸೆಕೆಂಡಿಗೆ 50 ಸಲ, ಒಮ್ಮೆ ಬೆಸ ಸಾಲು, ಒಮ್ಮೆ ಸಮ ಸಾಲು. ಡಬ್ಬಾ ಟಿವಿಯ ಎಲೆಕ್ಟ್ರಾನ್ ಕಿರಣ ಆ ಸಾಲುಗಳನ್ನು ಸಂಕೇತ ಬಂದ ಕ್ಷಣದಲ್ಲೇ ಗಾಜಿನ ಮೇಲೆ ಎಳೆಯುತ್ತದೆ. ಯಾವುದನ್ನೂ ಶೇಖರಿಸಿ ಯೋಚಿಸುವುದಿಲ್ಲ. ಹಾಗಾಗಿ ಗುಂಡಿ ಒತ್ತುವುದಕ್ಕೂ ರಾಜಕುಮಾರ ಗೋಡೆ ಹತ್ತಿ ಓಡುವುದಕ್ಕೂ ನಡುವೆ ಟಿವಿ ತನ್ನ ಪಾಲಿನ ತಡ ಸೇರಿಸುವುದಿಲ್ಲ. ದೀಪದ ಹೊಳಪು ಪಕ್ಕದ ಸಾಲಿಗೆ ಸೋರಿ ಮೆತ್ತಗಾಗುತ್ತದೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ದೀಪ ಹಚ್ಚಿದಾಗ ಕಂಬದ ಅಂಚು ಕರಗುತ್ತದಲ್ಲ, ಹಾಗೆ.

ಎರಡನೆಯದು, ಅದೇ ಪಿಎಸ್2 ಹೊಸ ಟಿವಿಯಲ್ಲಿ. ಎಸ್.ಪಿ. ರೋಡಿನಲ್ಲಿ ಕೊಂಡ ಪುಟ್ಟ ಎಚ್‌ಡಿಎಂಐ ಅಡಾಪ್ಟರ್ ಚುಚ್ಚಿ ಆನ್ ಮಾಡಿದರೆ ಇಡೀ ಪರದೆ ಹಸಿರು. ಅಡಾಪ್ಟರ್ ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಆಮೇಲೆ ತಿಳಿಯಿತು: ಪಿಎಸ್2 ಸೆಟ್ಟಿಂಗ್ಸ್‌ನಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ (ಬಣ್ಣದ ಸಂಕೇತವನ್ನು ಯಾವ ರೀತಿಯಲ್ಲಿ ಕಳಿಸಬೇಕೆಂಬ ಆಯ್ಕೆ) ಅನ್ನೋದು ಆರ್‌ಜಿಬಿಯಲ್ಲಿತ್ತು. ವೈ-ಸಿಬಿ-ಸಿಆರ್‌ಗೆ ಬದಲಿಸಿದ ಮೇಲೆ ಬಣ್ಣ ಸರಿಹೋಯಿತು. ಇದೇ ಅಡಾಪ್ಟರ್ ಕೊಳ್ಳುವವರು ಮೊದಲು ಡಬ್ಬಾ ಟಿವಿಗೆ ಜೋಡಿಸಿ ಆ ಸೆಟ್ಟಿಂಗ್ ಬದಲಿಸಿಕೊಂಡು ಬನ್ನಿ.

ಬಣ್ಣ ಸರಿಹೋಯಿತು, ಚಿತ್ರ ಸರಿಹೋಗಲಿಲ್ಲ. ಅಡಾಪ್ಟರ್ ಸಾಲುಗಳನ್ನು ಹಾಗೇ ಟಿವಿಗೆ ದಾಟಿಸುತ್ತದೆ, ಅಷ್ಟೇ. ಬೆಸ-ಸಮ ಸಾಲುಗಳನ್ನು ಹೊಲಿದು ಇಡೀ ಚಿತ್ರ ಮಾಡುವ ಕೆಲಸ ಟಿವಿಯದು, ಮತ್ತು ಟಿವಿ ಅದನ್ನು ಸಿನಿಮಾ, ಧಾರಾವಾಹಿಗೆ ತಕ್ಕಂತೆ ನಿಧಾನವಾಗಿ ಮಾಡುತ್ತದೆ. ಕತ್ತಿ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆಗಳು. ಫೋನಿನ ಸ್ಲೋಮೋಷನ್‌ನಲ್ಲಿ ಹೆಬ್ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಹಿಡಿದು ನೋಡಿದೆ: ಬೆರಳು ಒತ್ತಿ, ಬಿಟ್ಟು, ಆಮೇಲೆ ರಾಜಕುಮಾರ ನೆಗೆಯುತ್ತಾನೆ. ಟಿವಿಯ ಗೇಮ್ ಮೋಡ್ ಹಾಕಿದರೆ ತಡ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರೆಟ್ರೋಟಿಂಕ್, ಓಎಸ್‌ಎಸ್‌ಸಿಯಂಥ ಪೆಟ್ಟಿಗೆಗಳು ಈ ಹೊಲಿಗೆಯನ್ನು ಆಟಕ್ಕೆ ತಕ್ಕ ವೇಗದಲ್ಲಿ ಮಾಡಲೆಂದೇ ಇವೆ. ಆದರೆ ಒಳ್ಳೆಯದೊಂದಕ್ಕೆ ತೆರುವ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಕನ್ಸೋಲೇ ಸಿಗುತ್ತದೆ.

ಮೂರನೆಯದು ಪಿಎಸ್3. ನ್ಯೂಜೆರ್ಸಿಯಲ್ಲಿರುವ ಅಣ್ಣ ಮನೆ ಬದಲಿಸುವಾಗ ಕೊಟ್ಟು ಕಳಿಸಿದ 60 ಜಿಬಿಯ ದಪ್ಪ ಯಂತ್ರ, 2006ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಮಾದರಿ. ಇದರ ಹೊಟ್ಟೆಯೊಳಗೆ ಪಿಎಸ್2ದೇ ಇಮೋಷನ್ ಎಂಜಿನ್ ಮತ್ತು ಗ್ರಾಫಿಕ್ಸ್ ಸಿಂಥಸೈಜರ್ ಚಿಪ್‌ಗಳಿವೆ. ಯುರೋಪಿಗೆ ಬಂದ ಮಾದರಿಯಲ್ಲಿ ಗ್ರಾಫಿಕ್ಸ್ ಚಿಪ್ ಮಾತ್ರ ಉಳಿಯಿತು, ಆಮೇಲೆ ಬಂದ 40 ಜಿಬಿ ಮಾದರಿಯಲ್ಲಿ ಎರಡೂ ಇಲ್ಲ. ಹಾಗಾಗಿ ‘ಪಿಎಸ್3ನಲ್ಲಿ ಪಿಎಸ್2 ಡಿಸ್ಕ್ ಓಡುತ್ತಾ?’ ಅಂತ ಕೇಳಿದರೆ ನಾನು ಮೊದಲು ಕೇಳುವುದು ಯಾವ ಪಿಎಸ್3 ಅಂತ.

ನನ್ನ ಡಿಸ್ಕ್ ಇದರಲ್ಲಿ ಓಡಲಿಲ್ಲ. ಪಿಎಸ್3 ಆಟಗಳಿಗೆ ಸಾಮಾನ್ಯವಾಗಿ ಪ್ರದೇಶದ ಬೀಗವಿಲ್ಲ, ಪಿಎಸ್2 ಡಿಸ್ಕಿಗೆ ಇದೆ. ಅಮೆರಿಕದ ಯಂತ್ರ ನಮ್ಮ ಪಾಲ್ ಡಿಸ್ಕನ್ನು ಒಪ್ಪುವುದಿಲ್ಲ. ಮೋಡ್ ಚಿಪ್ (ನಕಲು ಡಿಸ್ಕನ್ನೂ ಓಡಿಸುವಂತೆ ಮಾಡುವ ಚಿಪ್) ಹಾಕಿಸಿದ ಪಿಎಸ್2ಗೆಂದು ನಮ್ಮಲ್ಲಿ ಬಹಳ ಜನ ಕೊಂಡಿದ್ದ ನಕಲು ಡಿಸ್ಕುಗಳನ್ನಂತೂ ಮುಟ್ಟುವುದೇ ಇಲ್ಲ. ಅಣ್ಣನ ಅಮೆರಿಕದ ಪ್ರತಿ ಜೊತೆಗೇ ಬಂದಿದ್ದರಿಂದ ಪ್ರಯೋಗ ಮುಂದುವರಿಯಿತು.

ಅದು 60 ಹರ್ಟ್ಜ್ ಆವೃತ್ತಿ, ಅಂದರೆ ಸೆಕೆಂಡಿಗೆ 60 ಸಲ. ನಾವು ಬಾಲ್ಯದಲ್ಲಿ ಆಡಿದ್ದು 50. ಪಾಲ್‌ಗೆ ಬದಲಿಸುವಾಗ ಎಚ್ಚರ ವಹಿಸದ ಎಷ್ಟೋ ಆಟಗಳು ಆರರಲ್ಲೊಂದು ಪಾಲು ನಿಧಾನವಾಗಿ ಓಡಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟುಕೊಂಡು ಬಂದವು. ಕೆಲವು ಮಾತ್ರ ಶುರುವಿನಲ್ಲೇ ‘50 ಬೇಕಾ 60 ಬೇಕಾ’ ಎಂದು ಕೇಳುತ್ತಿದ್ದವು. ನಮಗೆ ಸಿಕ್ಕಿದ್ದೇ ಅಸಲು ವೇಗ ಅಂದುಕೊಂಡು ಬೆಳೆದೆವಲ್ಲ, ಅದು ಈಗಲೂ ನನಗೆ ಬೇಸರದ ಸಂಗತಿ.

ಚಿತ್ರದ ವಿಷಯಕ್ಕೆ ಬಂದರೆ, 2007ರ 1.80 ಅಪ್‌ಡೇಟ್ ನಂತರ ಪಿಎಸ್3 ಹಳೇ ಆಟಗಳನ್ನು 1080ಪಿವರೆಗೆ ಹಿಗ್ಗಿಸಿ ತೋರಿಸುತ್ತದೆ. ಹಿಗ್ಗಿಸುವುದು ಅಷ್ಟೇ. ಪಾಸ್‌ಪೋರ್ಟ್ ಫೋಟೋವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದಂತೆ, ಹೊಸ ವಿವರ ಏನೂ ಹುಟ್ಟುವುದಿಲ್ಲ. ಸ್ಮೂದಿಂಗ್ ಆನ್ ಮಾಡಿದರೆ ಮೆಟ್ಟಿಲು ಮೆಟ್ಟಿಲಾದ ಅಂಚುಗಳು ಸಪಾಟಾಗುತ್ತವೆ, ಜೊತೆಗೆ ಗೋಡೆಯ ಕೆತ್ತನೆಯೂ ಸಪಾಟಾಗುತ್ತದೆ. ನಾನು ಆಫ್ ಮಾಡಿಯೇ ಆಡಿದೆ. ಅಡಾಪ್ಟರಿಗಿಂತ ಸ್ಥಿರವಾದ ಚಿತ್ರ, ನಿಜ. ಮೆಮೊರಿ ಕಾರ್ಡ್‌ಗೆ ಪರದಾಡಬೇಕಿಲ್ಲ, ಹಾರ್ಡ್ ಡಿಸ್ಕಿನಲ್ಲೇ ಒಂದು ಕಾರ್ಡ್ ಸೃಷ್ಟಿಸಿಕೊಳ್ಳಬಹುದು.

ನಾಲ್ಕನೆಯದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್. ಕತ್ತಲೆ ಕೋಣೆಯಲ್ಲಿ ಆಟ ಶುರುವಾದಾಗ ನಾನು ಎದ್ದು ಟಿವಿ ಹತ್ತಿರ ಹೋಗಿ ನಿಂತೆ. 2017ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಮೊದಲ ಎಕ್ಸ್‌ಬಾಕ್ಸ್‌ನ 13 ಆಟಗಳನ್ನು ಆಗಿನ ಹೊಸ ಯಂತ್ರ ಎಕ್ಸ್‌ಬಾಕ್ಸ್ ಒನ್‌ಗೆ ತಂದಾಗ ಅದರಲ್ಲಿ ಇದೂ ಇತ್ತು. ಇಲ್ಲಿ ಹಿಗ್ಗಿಸುವಿಕೆಯೇ ಇಲ್ಲ. ಸೀರೀಸ್ ಎಕ್ಸ್ ಅದೇ ಆಟವನ್ನು ಅಡ್ಡಕ್ಕೆ ನಾಲ್ಕು ಪಟ್ಟು, ಉದ್ದಕ್ಕೆ ನಾಲ್ಕು ಪಟ್ಟು ಚುಕ್ಕಿಗಳಲ್ಲಿ ಹೊಸದಾಗಿ ಬಿಡಿಸುತ್ತದೆ. 640ಕ್ಕೆ 480 ಇದ್ದದ್ದು 2560ಕ್ಕೆ 1920 ಆಗುತ್ತದೆ, ಅಂದರೆ 16 ಪಟ್ಟು ಪಿಕ್ಸೆಲ್. ನಾಲ್ಕು ಚುಕ್ಕಿಯ ರಂಗೋಲಿಯನ್ನು ದೊಡ್ಡದಾಗಿ ಎಳೆಯುವುದು ಬೇರೆ, ಅದೇ ವಿನ್ಯಾಸವನ್ನು ಹದಿನಾರು ಚುಕ್ಕಿಯಲ್ಲಿ ಇಡುವುದು ಬೇರೆ. ಕಂಬ, ಕಮಾನು, ದೂರದ ಗೋಪುರದ ರೇಖೆಗಳೆಲ್ಲ ಚಾಕುವಿನಲ್ಲಿ ಕೊರೆದಂತಿವೆ.

ಆದರೆ ಗೋಡೆಗೆ ಹೊದಿಸಿದ ಚಿತ್ರಗಳು 2003ರವೇ. ಅಂಚು ಹರಿತವಾದಷ್ಟೂ ನಡುವಿನ ಮಸುಕು ಎದ್ದು ಕಾಣುತ್ತದೆ. ಮೊದಲೇ ತಯಾರಿಸಿಟ್ಟ ವಿಡಿಯೋಗಳೂ ಹಾಗೇ, ಆಟದಿಂದ ಅವಕ್ಕೆ ದಾಟಿದ ಕೂಡಲೇ ಕನ್ನಡಕ ತೆಗೆದಂತೆ. ನನಗೆ ಪ್ರಿಯವಾದ ಆ ಹೊಳಪು ಇಲ್ಲಿದೆ, ಆದರೆ ಅದು ವಸ್ತುಗಳ ಮೇಲೆ ಕೂತಿದೆ, ಗಾಳಿಯಲ್ಲಿ ತೇಲುತ್ತಿಲ್ಲ. ಆಟೋ ಎಚ್‌ಡಿಆರ್ (ಹಳೇ ಆಟದ ಬೆಳಕನ್ನು ಯಂತ್ರ ತಾನೇ ಪ್ರಖರ ಮಾಡುವ ಸೆಟ್ಟಿಂಗ್) ಆಫ್ ಮಾಡಿದ ಮೇಲೆ ಸ್ವಲ್ಪ ಹತ್ತಿರ ಬಂತು. ಅದೇ ಯಂತ್ರದಲ್ಲಿ 2006ರ ಗುಂಡಿನ ಕಾಳಗದ ಆಟ ‘ಬ್ಲ್ಯಾಕ್’ ಹಾಕಿದರೆ ತೀರ್ಪು ತಿರುಗುತ್ತದೆ. ಗುಂಡೇಟಿಗೆ ಸಿಡಿಯುವ ಗಾರೆ, ಗಾಜಿನ ಚೂರು ಒಂದೊಂದೂ ಕಾಣುತ್ತದೆ. ಅದಕ್ಕೆ ಹರಿತ ಬೇಕೇ ಬೇಕು, ಡಬ್ಬಾ ಟಿವಿಯಲ್ಲಿ ಅದನ್ನು ಇನ್ನು ಆಡಲಾರೆ.

ಒಂದು ಎಚ್ಚರಿಕೆ. ಡಿಸ್ಕ್ ಹಾಕಿದರೂ ಆಟ ಅದರಿಂದ ಓಡುವುದಿಲ್ಲ. ಡಿಸ್ಕ್ ಬರೀ ಬೀಗದ ಕೈ, ಆಟ ಇಳಿಯುವುದು ಇಂಟರ್ನೆಟ್‌ನಿಂದ. ಇದರ ಚಿಕ್ಕ ಮಾದರಿ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವೇ ಇಲ್ಲ. 2021ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್‌ನವರು 76 ಆಟ ಸೇರಿಸಿ, ಹೀಗೆ ಓಡುವ ಹಳೇ ಆಟಗಳ ಪಟ್ಟಿಯನ್ನು ಮುಗಿಸಿದರು, ಅದರಲ್ಲಿಲ್ಲದ ಆಟಕ್ಕೆ ಈ ದಾರಿ ಮುಚ್ಚಿದೆ.

ಪಿಎಸ್5 ಬಗ್ಗೆ ಕೇಳುವವರಿಗೆ: ಪಿಎಸ್4 ಡಿಸ್ಕುಗಳ ಮಟ್ಟಿಗೆ ಚೆನ್ನಾಗಿದೆ, ಪಿಎಸ್2 ಡಿಸ್ಕನ್ನು ಅದು ಓದುವುದೇ ಇಲ್ಲ. ಆಯ್ದ ಕೆಲವನ್ನು ಡಿಜಿಟಲ್ ಆಗಿ ಮತ್ತೆ ಕೊಳ್ಳಬೇಕು, ಇಲ್ಲವೇ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಬೇಕು. 2022ರಲ್ಲಿ ಹಳೇ ಆಟಗಳಿರುವ ಆ ಚಂದಾ ಏಷ್ಯಾದಲ್ಲಿ ಶುರುವಾದಾಗ ಮೊದಲ ಪ್ಲೇಸ್ಟೇಷನ್ನಿನ ಹಲವು ಆಟಗಳು 50 ಹರ್ಟ್ಜ್‌ನ ಪಾಲ್ ಆವೃತ್ತಿಗಳಾಗಿಯೇ ಬಂದವು. ಎರಡು ದಶಕ ಕಳೆದರೂ ಅದೇ ನಿಧಾನ! ಜನ ದೂರಿದ ಮೇಲೆ 60ರ ಆಯ್ಕೆ ಸೇರಿಸಿದರು.

ಈಗ ಮನೆಯಲ್ಲಿ ಹಾಲ್‌ನಲ್ಲಿ ಎಕ್ಸ್‌ಬಾಕ್ಸ್, ಒಳಕೋಣೆಯ ಮೂಲೆಯಲ್ಲಿ ಡಬ್ಬಾ ಟಿವಿ ಮತ್ತು ಪಿಎಸ್2. ಅಡಾಪ್ಟರ್ ಡ್ರಾಯರ್ ಸೇರಿದೆ. ಪಿಎಸ್3 ಇರುವುದು ಅಣ್ಣನ ಅಮೆರಿಕದ ಡಿಸ್ಕುಗಳಿಗಾಗಿ. ಮಗಳು ಹಾಲ್‌ನಲ್ಲಿ ರಾಜಕುಮಾರನನ್ನು ಗೋಡೆ ಹತ್ತಿಸಲು ಕಲಿತಳು. ಮೊನ್ನೆ ಒಳಕೋಣೆಗೆ ಬಂದು ಅದೇ ಗೋಡೆಯನ್ನು ಡಬ್ಬಾ ಟಿವಿಯಲ್ಲಿ ನೋಡಿ, ‘ಇಲ್ಲಿ ದೀಪ ನಿಜವಾಗ್ಲೂ ಉರೀತಿದೆ’ ಅಂದಳು.