ಕಾರಿನ ವಿಮರ್ಶೆ ಅಲ್ಲ, ಕಾರಿನ ಕಂತಿನದ್ದು

ಕಾರು ಚೆನ್ನಾಗಿದೆ. ಅದರ ಮೈಲೇಜು, ಡಿಕ್ಕಿ, ಎಸಿ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಾರಿನ ಜೊತೆ ನಮ್ಮ ಮನೆಗೆ ಇನ್ನೊಂದು ಸಾಮಾನೂ ಬಂದಿದೆ: ಐದು ವರ್ಷದ ಸಾಲ. ಕಾರಿಗಿಂತ ಹೆಚ್ಚು ಹೊತ್ತು ವಿಚಾರ ಮಾಡಿ ಆರಿಸಿದ್ದು ಅದನ್ನೇ. ಅದಕ್ಕೆ ಯಾರೂ ರಿವ್ಯೂ ಬರೆದದ್ದು ನಾನು ನೋಡಿಲ್ಲ. ಕಾರು ಬೇಸಿಗೆಯಲ್ಲೇ ಬಂದಿತ್ತು, ಜೂನ್ ಕಳೆದ ಮೇಲೆ ಬರೆದರಾಯಿತು ಅಂತ ಸುಮ್ಮನಿದ್ದೆ. ಯಾಕೆ ಜೂನ್ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮದು ಕುಮಟಾ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮನೆಯವರದು ಮೋಟರ್ ವೈಂಡಿಂಗ್, ಪಂಪ್‌ಸೆಟ್ ರಿಪೇರಿ ಅಂಗಡಿ. ಇಬ್ಬರು ಮಕ್ಕಳು, ಅತ್ತೆ. ಇಷ್ಟು ವರ್ಷ ಎರಡು ಸ್ಕೂಟರಿನಲ್ಲೇ ಸಂಸಾರ ನಡೆದಿತ್ತು. ನನ್ನ ತವರು ಶಿರಸಿಗೆ ಹೋಗುವುದಾದರೆ ಬಸ್ಸು, ದೇವಿಮನೆ ಘಾಟಿಯ ತಿರುವಿನಲ್ಲಿ ಸಣ್ಣವಳಿಗೆ ವಾಂತಿ. ಅದೂ ನಡೆಯುತ್ತಿತ್ತು. ನಡೆಯದೇ ಹೋದದ್ದು ಅತ್ತೆಯ ಮಣಿಪಾಲದ ತಪಾಸಣೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕಾರವಾರದಿಂದ ಭಟ್ಕಳದವರೆಗೆ ಜನ ಬೀದಿಗಿಳಿದು ಕೂಗಿದ್ದಾರೆ. ಆದರೂ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ರೈಲಿದೆ, ಆದರೆ ಡಾಕ್ಟರ ಸಮಯಕ್ಕೂ ರೈಲಿನ ಸಮಯಕ್ಕೂ ತಾಳೆ ಆಗುವುದಿಲ್ಲ. ಮೊಣಕಾಲು ನೋವಿನವರನ್ನು ಉಡುಪಿ ಸ್ಟೇಷನ್ನಿನ ಮೆಟ್ಟಿಲು ಹತ್ತಿಸಿ ಇಳಿಸುವುದು ಬೇರೆ. ಪ್ರತಿ ಸಲ ಬಾಡಿಗೆ ಕಾರು, ವೇಟಿಂಗ್ ಚಾರ್ಜು. ಹಾಗಾಗಿ ಕಾರು ಬೇಕು ಅನ್ನುವುದರಲ್ಲಿ ಮನೆಯಲ್ಲಿ ತಕರಾರಿರಲಿಲ್ಲ. ಜಗಳ ನಡೆದದ್ದು ದುಡ್ಡು ಎಲ್ಲಿಂದ ಅನ್ನುವುದಕ್ಕೆ.

ನಮ್ಮ ಕೈಯಲ್ಲಿ ಎಫ್‌ಡಿ ಇತ್ತು. ಮುರಿದಿದ್ದರೆ ಹೆಚ್ಚುಕಮ್ಮಿ ಪೂರ್ತಿ ಹಣ ಕೊಟ್ಟೇ ತರಬಹುದಿತ್ತು. ಬರೀ ಲೆಕ್ಕ ನೋಡಿದರೆ ಅದೇ ಸರಿ, ಯಾಕೆಂದರೆ ಎಫ್‌ಡಿಗೆ ಬರುವ ಬಡ್ಡಿಗಿಂತ ಸಾಲಕ್ಕೆ ಕಟ್ಟುವ ಬಡ್ಡಿ ಯಾವಾಗಲೂ ಜಾಸ್ತಿ. ನಮ್ಮನೆಯವರು ಅದನ್ನೇ ಹಿಡಿದು ಕೂತಿದ್ದರು. ಅತ್ತೆ ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು: “ಇದ್ದದ್ದೆಲ್ಲ ಮುರಿದು ಕಾರು ತಂದ್ರೆ, ನಾಳೆ ನನ್ನ ಆಸ್ಪತ್ರೆ ಬಿಲ್ ಕಟ್ಟೂಕೆ ಕಾರನ್ನೇ ಬಿಟ್ಟು ಬರೂದಾ?” ಆಸ್ಪತ್ರೆಗೆ ಹೋಗಿ ಬರಲೆಂದು ತರುವ ಕಾರಿಗೆ ಆಸ್ಪತ್ರೆಯ ದುಡ್ಡನ್ನೇ ಸುರಿಯುವುದು ನನಗೂ ಒಪ್ಪಿಗೆ ಇರಲಿಲ್ಲ. ಮೂರೂವರೆ ಲಕ್ಷ ಕೈಯಿಂದ, ಆರು ಲಕ್ಷ ಸಾಲ ಅಂತ ಆಯಿತು.

ಮೊದಲು ಸಾಲ ಕೊಡುತ್ತೇನೆಂದು ಬಂದವರು ಶೋರೂಮಿನಲ್ಲೇ ಮೇಜು ಹಾಕಿಕೊಂಡು ಕೂತ ಒಂದು ಫೈನಾನ್ಸಿನವರು. ಹುಡುಗ ಒಳ್ಳೆಯವನು, ಚಹಾ ತರಿಸಿದ. “ಬ್ಯಾಂಕಲ್ಲಿ ಒಂಬತ್ತು ಪರ್ಸೆಂಟ್ ಮೇಡಂ, ನಮ್ಮಲ್ಲಿ ಆರೇ ಆರು. ಇವತ್ತೇ ಸ್ಯಾಂಕ್ಷನ್.” ಕಾಗದದ ಮೇಲೆ ಕಂತು ಬರೆದು ತೋರಿಸಿದ: ಐದು ವರ್ಷಕ್ಕೆ ತಿಂಗಳಿಗೆ 13,000. ಬ್ಯಾಂಕಿನ ಶೇ. 9ರ ಲೆಕ್ಕದಲ್ಲಿ ಅದೇ ಆರು ಲಕ್ಷಕ್ಕೆ, ಅದೇ ಐದು ವರ್ಷಕ್ಕೆ ಕಂತು 12,455. ಬಡ್ಡಿ ದರ ಕಡಿಮೆ ಇದ್ದಲ್ಲಿ ಕಂತು ಜಾಸ್ತಿ ಹೇಗೆ ಬಂತು? ಕೇಳಿದ್ದಕ್ಕೆ “ಸಿಸ್ಟಮ್ಮೇ ಹಾಗೆ ತೋರಿಸ್ತದೆ ಮೇಡಂ” ಅಂದ.

ಸಿಸ್ಟಮ್ ಸರಿಯಾಗಿಯೇ ತೋರಿಸಿತ್ತು. ಅವನ ಆರು ಫ್ಲ್ಯಾಟ್ ರೇಟು. ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವ ಸರಳ ಬಡ್ಡಿಯೇ ಅದು: ಆರು ಲಕ್ಷ ಗುಣಿಸು ಆರು ಗುಣಿಸು ಐದು, ಭಾಗಿಸು ನೂರು, ಬಡ್ಡಿ 1,80,000. ಅಸಲಿಗೆ ಕೂಡಿಸಿ ಅರವತ್ತರಿಂದ ಭಾಗಿಸಿದರೆ 13,000. ಇದರಲ್ಲಿ ನಾವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದದ್ದಕ್ಕೆ ಬೆಲೆಯೇ ಇಲ್ಲ. ಕೊನೆಯ ಕಂತಿನ ಹೊತ್ತಿಗೆ ಅಸಲು ಉಳಿದಿರುವುದು ಬರೀ 10,000, ಆದರೆ ಆ ತಿಂಗಳೂ ಕೊಡುವ ಬಡ್ಡಿ 3,000, ಅಂದರೆ ಪೂರ್ತಿ ಆರು ಲಕ್ಷದ ಮೇಲಿನದು. ಬ್ಯಾಂಕಿನದು ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಮೊದಲ ತಿಂಗಳು 4,500 ಬಡ್ಡಿಗೆ ಹೋದರೆ ಕೊನೆಯ ತಿಂಗಳು ನೂರು ರೂಪಾಯಿಯೂ ಹೋಗುವುದಿಲ್ಲ. ಫೈನಾನ್ಸಿನವನ ಆರನ್ನು ಬ್ಯಾಂಕಿನ ಅಳತೆಗೆ ತಂದರೆ ಹತ್ತಿರ ಹತ್ತಿರ ಹನ್ನೊಂದಾಗುತ್ತದೆ, ಕರಾರುವಾಕ್ಕಾಗಿ ಹೇಳಬೇಕೆಂದರೆ 10.85. ಐದು ವರ್ಷಕ್ಕೆ 32,000ಕ್ಕೂ ಮೇಲೆ ವ್ಯತ್ಯಾಸ. ಮಧ್ಯದಲ್ಲಿ ಸಾಲ ತೀರಿಸುತ್ತೇವೆ ಅಂದರೆ ಉಳಿದ ಅಸಲಿನ ಶೇ. 5 ದಂಡ, ಅದರ ಮೇಲೆ ಜಿಎಸ್‌ಟಿ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿಕೊಟ್ಟದ್ದನ್ನು ಅವನು ಹೇಳಿದ. ಆದರೆ ಶೋರೂಮಿನಲ್ಲಿ ಎಲ್ಲವನ್ನೂ ತಿಂಗಳ ಲೆಕ್ಕಕ್ಕೆ ಇಳಿಸಿ ಹೇಳುವ ಒಂದು ಅಭ್ಯಾಸ ಇದೆಯಲ್ಲ, ಅದರ ಬಗ್ಗೆ ಎಚ್ಚರ ಬೇಕು. ಮೇಲಿನ ವೇರಿಯಂಟಿಗೆ ಲಕ್ಷ ಜಾಸ್ತಿ ಅಂತ ಯಾರೂ ಹೇಳಲಿಲ್ಲ, “ತಿಂಗಳಿಗೆ ಬರೀ ಸಾವಿರದ ಆರುನೂರು ಮೇಡಂ” ಅಂದರು. ಅದು ಏಳು ವರ್ಷದ ಸಾಲಕ್ಕೆ ಹಾಕಿದ ಲೆಕ್ಕ. ಇನ್ನೊಂದು ಸಂಗತಿ ಅವರಾಗಿ ಹೇಳುವುದಿಲ್ಲ: ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ ಆಜೀವ ತೆರಿಗೆ ಶೇ. 14, ಹತ್ತು ದಾಟಿ 20 ಲಕ್ಷದ ಒಳಗಿದ್ದರೆ ಶೇ. 17, ಸೆಸ್ಸು ಬೇರೆ. 9.9 ಲಕ್ಷದ ಕಾರಿಗೂ 10.1 ಲಕ್ಷದ ಕಾರಿಗೂ ತೆರಿಗೆಯಲ್ಲೇ 33,000 ಅಂತರ. ಸನ್‌ರೂಫ್ ಬೇಕು ಅನ್ನುವವರು ಇದನ್ನೂ ಸೇರಿಸಿ ನೋಡಿ. ಕರಾವಳಿಯ ಆರು ತಿಂಗಳ ಮಳೆಗೆ ಸನ್‌ರೂಫ್ ಯಾಕೆ ಅನ್ನುವುದು ನನಗೆ ಇನ್ನೂ ತಿಳಿದಿಲ್ಲ.

ಎರಡನೆಯದಾಗಿ ನೋಡಿದ್ದು ನಮ್ಮ ಪತ್ತಿನ ಸಹಕಾರಿ ಸಂಘ. ಗುರುತಿನವರು, ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ, ಕಾಗದಪತ್ರದ ರಗಳೆ ಕಡಿಮೆ. ಆದರೆ ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಮೇಲಿಂದ ಇಬ್ಬರು ಸಹೋದ್ಯೋಗಿಗಳ ಜಾಮೀನು ಬೇಕು. ಕಾರಿಗೋಸ್ಕರ ಸ್ಟಾಫ್ ರೂಮಿನಲ್ಲಿ ಜಾಮೀನು ಕೇಳಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಹೋದದ್ದು ನನ್ನ ಸಂಬಳದ ಖಾತೆ ಇರುವ ರಾಷ್ಟ್ರೀಕೃತ ಬ್ಯಾಂಕಿಗೆ. ಬಡ್ಡಿ ಶೇ. 9, ಫ್ಲೋಟಿಂಗ್, ಅಂದರೆ ಮಧ್ಯೆ ಏರಿಳಿಯಬಹುದಾದ ದರ. ಮೂರು ತಿಂಗಳ ಸ್ಯಾಲರಿ ಸ್ಲಿಪ್, ಫಾರ್ಮ್ 16, ಶೋರೂಮಿನ ಪ್ರೊಫಾರ್ಮಾ (ಕಾರಿನ ಬೆಲೆಪಟ್ಟಿ), ಸಿಬಿಲ್ ಸ್ಕೋರು (ಹಳೆಯ ಸಾಲ ಹೇಗೆ ತೀರಿಸಿದ್ದೇವೆ ಅನ್ನುವುದಕ್ಕೆ ಸಿಗುವ ಅಂಕ). ನಮ್ಮನೆಯವರು ಸಹ-ಸಾಲಗಾರ. ಇಲ್ಲಿಯೂ ಎಲ್ಲ ಸಲೀಸಾಗಿ ಆಯಿತು ಅಂತಲ್ಲ. ಮಂಜೂರಾತಿ ಕಾಗದ ತಿರುವಿ ಹಾಕುವಾಗ ಸಾಲ ಆರು ಲಕ್ಷದ ಮೇಲೆ ಚಿಲ್ಲರೆ ಆಗಿತ್ತು. ನಾನು ಕೇಳದ ಸಾಲ ಸುರಕ್ಷಾ ವಿಮೆಯ ಕಂತನ್ನು ಸಾಲಕ್ಕೇ ಸೇರಿಸಿಬಿಟ್ಟಿದ್ದರು. ಅಂದರೆ ವಿಮೆಗೂ ಐದು ವರ್ಷ ಬಡ್ಡಿ. “ಎಲ್ಲರಿಗೂ ಹಾಕ್ತೇವೆ ಅಕ್ಕೋರೇ” ಅಂದರು. ಕಡ್ಡಾಯ ಅಂತ ಬರೆದುಕೊಡಿ ಅಂದೆ. ತೆಗೆದರು.

ಇದು ಕಣ್ಣಿಗೆ ಬಿದ್ದದ್ದು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆಯಿಂದ. 2024ರ ಅಕ್ಟೋಬರ್ 1ರಿಂದ ಕಾರು ಸಾಲದಂಥ ಸಾಲಗಳಿಗೆಲ್ಲ ಇದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕು ಹೇಳಿದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಸೇರಿಸಿದ ವಿಮೆ ಎಲ್ಲ ಒಟ್ಟುಗೂಡಿಸಿ ವಾರ್ಷಿಕ ದರ ಎಷ್ಟು ಬೀಳುತ್ತದೆ ಅಂತ ಒಂದೇ ಸಂಖ್ಯೆಯಲ್ಲಿ ಅದರಲ್ಲಿ ಇರುತ್ತದೆ. ಫ್ಲ್ಯಾಟ್ ರೇಟಿನ ಆಟ ಈ ಹಾಳೆಯ ಮುಂದೆ ನಡೆಯುವುದಿಲ್ಲ. ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅಂತಲೂ ನಿಯಮ ಇದೆ. ನನಗೆ ಕೊಟ್ಟದ್ದು ಇಂಗ್ಲಿಷಿನದು. ಕನ್ನಡದ್ದು ಕೇಳಿದರೆ, “ನಿಮಗೆ ಇಂಗ್ಲಿಷ್ ಬರೂದಿಲ್ವಾ ಅಕ್ಕೋರೇ?” ನನಗೆ ಬರುತ್ತದೆ, ಪಕ್ಕದಲ್ಲಿ ಕೂತು ಸಹಿ ಹಾಕುವವರಿಗೆ ಅಷ್ಟು ಬರುವುದಿಲ್ಲ ಅಂದೆ. ಕನ್ನಡದ ಪ್ರತಿ ಬರುವಾಗ ವಾರ ಹಿಡಿಯಿತು. ಅದಕ್ಕೊಂದು ಅಂಕ ಕಳೆದಿದ್ದೇನೆ.

ಅವಧಿ ಎಷ್ಟು ಅನ್ನುವುದೇ ನಿಜವಾದ ಪ್ರಶ್ನೆ. ಬ್ಯಾಂಕಿನವರೂ ಏಳು ವರ್ಷ ಅಂದರು, ಕಂತು 9,653ಕ್ಕೆ ಇಳಿಯುತ್ತದೆ ಅಂತ. ತಿಂಗಳಿಗೆ 2,800 ಉಳಿದ ಹಾಗೆ ಕಾಣುತ್ತದೆ. ಒಟ್ಟು ಬಡ್ಡಿ 1,47,000ದಿಂದ 2,11,000ದ ಹತ್ತಿರಕ್ಕೆ ಹೋಗುತ್ತದೆ. ಅದಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಏಳು ವರ್ಷದ ಸಾಲದಲ್ಲಿ ಐದು ವರ್ಷ ಕಂತು ಕಟ್ಟಿದ ಮೇಲೂ 2,11,000 ಅಸಲು ಬಾಕಿ ಇರುತ್ತದೆ. ಇಲ್ಲಿಯ ಉಪ್ಪು ಗಾಳಿಗೆ ಅಷ್ಟು ಹೊತ್ತಿಗೆ ಕಾರಿನ ಅಡಿಭಾಗ ಹೇಗಿರುತ್ತದೆ ಅನ್ನುವುದು ಕಡಲ ಬದಿಯವರಿಗೆ ಹೇಳಬೇಕಿಲ್ಲ.

ಮೂರು ವರ್ಷ ಮಾಡಿದರೆ ಕಂತು 19,080, ಬಡ್ಡಿ 87,000. ಆಸೆಯೇನೋ ಆಯಿತು. ಆಗ ಜೂನ್ ತಿಂಗಳ ಲೆಕ್ಕ ಬರೆದೆ.

ಅಂಗಡಿಗೆ ಫೆಬ್ರುವರಿಯಿಂದ ಮೇ ತನಕ ಉಸಿರಾಡಲು ಪುರುಸೊತ್ತಿಲ್ಲ, ತೋಟಕ್ಕೆ ನೀರು ಬಿಡುವ ಕಾಲ, ಸುಟ್ಟ ಮೋಟರುಗಳು ಸಾಲಾಗಿ ಬರುತ್ತವೆ. ಮಳೆ ಹಿಡಿಯಿತೆಂದರೆ ಪಂಪ್ ಯಾರಿಗೂ ಬೇಡ. ದೀಪಾವಳಿವರೆಗೆ ಅಂಗಡಿ ಬಾಗಿಲು ತೆಗೆಯುವುದು ಅಭ್ಯಾಸಕ್ಕೆ. ಅದೇ ಜೂನಿನಲ್ಲಿ ಮಕ್ಕಳ ಫೀಸು, ಪಟ್ಟಿ ಪುಸ್ತಕ, ರೇನ್‌ಕೋಟು, ಒಡೆದ ಹಂಚು ಬದಲಿಸುವ ಕೂಲಿ, ತಾಡಪತ್ರಿ. ಏಪ್ರಿಲ್ ತಿಂಗಳ ಗಲ್ಲಾಪೆಟ್ಟಿಗೆ ನೋಡಿ 19,000 ಒಪ್ಪಿಕೊಂಡರೆ ಜೂನಿನಲ್ಲಿ ಕೈಸಾಲ. ಆದ್ದರಿಂದ ಅಂಗಡಿಯ ದುಡ್ಡನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನ ಸಂಬಳ ಒಂದರಿಂದಲೇ, ಜೂನಿನ ಖರ್ಚೆಲ್ಲ ಕಳೆದು ಉಳಿಯುವುದರಲ್ಲಿ ಎಷ್ಟು ಕಟ್ಟಬಹುದು ಅಂತ ನೋಡಿದರೆ ಹದಿಮೂರು ಸಾವಿರದ ಒಳಗೆ ನಿಂತಿತು. ಐದು ವರ್ಷ ಅಂತ ತೀರ್ಮಾನವಾದದ್ದು ಹಾಗೆ. ಅಡಿಕೆ, ಮೀನು, ಟೂರಿಸ್ಟು ಯಾವುದೇ ಸೀಸನ್ ನಂಬಿದ ಮನೆಯವರು ಇದೇ ಲೆಕ್ಕ ಹಾಕಿ. ಯಾಂತ್ರೀಕೃತ ಬೋಟಿಗೆ ಜೂನ್, ಜುಲೈ ನಿಷೇಧ, ಕಂತಿಗೆ ನಿಷೇಧ ಇಲ್ಲ.

ಅಂಗಡಿಯ ಪಾಲಿಗೆ ಬೇರೆ ಕೆಲಸ ಕೊಟ್ಟೆವು. ದಿನಾ ಪಿಗ್ಮಿ ಉಳಿತಾಯ. ಪಿಗ್ಮಿಯವನು ಸಂಜೆ ಬಂದಾಗ ಸೀಸನ್ನಿನಲ್ಲಿ ಹೆಚ್ಚು, ಮಳೆಗಾಲದಲ್ಲಿ ಕೈಲಾದಷ್ಟು. ವರ್ಷದ ಕೊನೆಗೆ ವಿಮೆ ನವೀಕರಣ, ಸರ್ವಿಸ್, ಟೋಲ್ ಪಾಸು ಅದರಿಂದ. ಹೊಳೆಗದ್ದೆ, ಶಿರೂರು, ಸಾಸ್ತಾನ ದಾಟಿ ಹೋಗಿ ಬರುವವರಿಗೆ ವಾರ್ಷಿಕ ಫಾಸ್ಟ್ಯಾಗ್ ಪಾಸಿನ ದುಡ್ಡು ಬೇಗ ಹುಟ್ಟಿಬಿಡುತ್ತದೆ. ಪಿಗ್ಮಿಯಲ್ಲಿ ಮಿಕ್ಕದ್ದು ಸಾಲದ ಅಸಲಿಗೆ. 2026ರ ಜನವರಿ 1ರಿಂದ ಈಚೆಗೆ ಮಂಜೂರಾದ ಫ್ಲೋಟಿಂಗ್ ಸಾಲವನ್ನು ಸ್ವಂತ ಬಳಕೆಗೆ ತೆಗೆದುಕೊಂಡಿದ್ದರೆ ಮುಂಚೆ ತೀರಿಸಿದ್ದಕ್ಕೆ ಶುಲ್ಕ ಹಾಕುವಂತಿಲ್ಲ. ಫಿಕ್ಸೆಡ್ ಸಾಲಕ್ಕೆ ಈ ರಕ್ಷಣೆ ಇಲ್ಲ, ಸಹಿ ಹಾಕುವ ಮೊದಲು ಯಾವುದು ಅಂತ ಕೇಳಿಕೊಳ್ಳಿ.

ಕಾರಿನ ವಿಷಯ: ಡಿಜೈರ್, ಪೆಟ್ರೋಲ್. ನಾಲ್ಕು ಮೀಟರಿನ ಒಳಗೆ, 1200 ಸಿಸಿಯ ಒಳಗೆ ಇರುವುದರಿಂದ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಅದಕ್ಕೆ ಮುಂಚೆ ಸೆಸ್ ಸೇರಿ 29 ಇತ್ತು. ಗ್ಲೋಬಲ್ ಎನ್‌ಕ್ಯಾಪ್ ಅನ್ನುವ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರು. ಐದು ಜನ ಕೂತು ದೇವಿಮನೆ ಹತ್ತುವಾಗ ಎರಡನೇ ಗೇರು ಕೇಳುತ್ತದೆ, ಆದರೆ ತಿಣುಕುವುದಿಲ್ಲ. ಅತ್ತೆಗೆ ಹಿಂದಿನ ಸೀಟು ತುಸು ತಗ್ಗು, ಏಳುವಾಗ ಕೈ ಕೊಡಬೇಕು. ಸಣ್ಣವಳಿಗೆ ಈಗಲೂ ವಾಂತಿ ಬರುತ್ತದೆ, ಅದು ಬಸ್ಸಿನ ತಪ್ಪಾಗಿರಲಿಲ್ಲ.

ವಿಮೆಯನ್ನು ಶೋರೂಮಿನಲ್ಲಿ ಮಾಡಿಸಲಿಲ್ಲ. ಹೊರಗೆ ಅದೇ ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕೊಡುವ ವಿಮೆ), ಅದೇ ಮೂರು ವರ್ಷದ ಥರ್ಡ್ ಪಾರ್ಟಿ ಸೇರಿ ಏಳೆಂಟು ಸಾವಿರ ಕಡಿಮೆ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇರಬೇಕು ಅಷ್ಟೇ. ಶೋರೂಮಿನವರ ಮುಖ ಸ್ವಲ್ಪ ಸಣ್ಣದಾಯಿತು, ಡೆಲಿವರಿ ತಡ ಮಾಡಲಿಲ್ಲ.

ಅಂಕ: ಬ್ಯಾಂಕಿನ ಸಾಲಕ್ಕೆ ಐದರಲ್ಲಿ ಮೂರೂವರೆ. ಒಂದು ಕನ್ನಡದ ಹಾಳೆಗೆ ಹೋಯಿತು, ಅರ್ಧ ಹೇಳದೆ ಕೇಳದೆ ಸೇರಿಸಿದ ವಿಮೆಗೆ. ಜೂನ್ ಕಂತು ಎಫ್‌ಡಿ ಮುಟ್ಟದೆ ಹೋಯಿತು. ನಿಮ್ಮಲ್ಲಿ ಖಾಯಂ ಸಂಬಳ ಒಂದಾದರೂ ಇದ್ದರೆ, ಅರ್ಧದಷ್ಟಾದರೂ ಕೈಯಿಂದ ಹಾಕಲು ಆಗುವುದಿದ್ದರೆ ಇಂಥ ಸಾಲ ಮಾಡಬಹುದು ಅಂತ ನನ್ನ ಅಭಿಪ್ರಾಯ. ನಾವು ಅಷ್ಟು ಹಾಕಲಿಲ್ಲ, ಆಸ್ಪತ್ರೆಯ ಕಾರಣಕ್ಕೆ. ಇಬ್ಬರದೂ ಸೀಸನ್ ದುಡಿಮೆಯಾದರೆ ತಿಂಗಳ ಕಂತಿನ ಬದಲು ಆರು ತಿಂಗಳ ಕಂತು ಕೊಡುತ್ತಾರಾ ಅಂತ ಬ್ಯಾಂಕಿನಲ್ಲೂ ಸೊಸೈಟಿಯಲ್ಲೂ ಕೇಳಿ ನೋಡಿ, ಟ್ರ್ಯಾಕ್ಟರ್ ಸಾಲಕ್ಕೆ ಹಾಗೆ ಕೊಡುವುದುಂಟು.

ಕಂತಿನ ತಾರೀಕನ್ನು ಅವರು 5 ಅಂತ ಹಾಕಿರುತ್ತಾರೆ. ನಮ್ಮಂಥ ಶಾಲೆಗಳ ಸಂಬಳ ಒಮ್ಮೊಮ್ಮೆ ಅದಕ್ಕಿಂತ ತಡವಾಗಿ ಬರುತ್ತದೆ, ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ಸಾದರೆ ದಂಡವೂ ಬೀಳುತ್ತದೆ, ಸಿಬಿಲ್ಲಿಗೂ ಪೆಟ್ಟು. ಸಹಿ ಹಾಕುವ ಮೊದಲೇ 10ಕ್ಕೆ ಮಾಡಿಸಿಕೊಳ್ಳಿ. ನಮಗೆ ಅರ್ಜಿಯಲ್ಲೇ ತಿದ್ದಿ ಕೊಟ್ಟರು, ದುಡ್ಡೇನೂ ಕೇಳಲಿಲ್ಲ.