ಮುಖವಿರುವ ಹೂಗಳು: ಪ್ಯಾನ್ಸಿ ಮಿಶ್ರ ಬೀಜದ ಒಂದು ಪೊಟ್ಟಣದ ವಿಮರ್ಶೆ

ದೊಡ್ಡ ಹೂ ಬಿಡುವ ಪ್ಯಾನ್ಸಿ ತಳಿಗಳ ಮಿಶ್ರ ಬೀಜವೆಂದು ಮಾರಾಟವಾಗುವ ಈ ಪೊಟ್ಟಣದ ಮೇಲೆ, ಬೆಕ್ಕಿನ ಮುಖದಂತೆ ಕಾಣುವ ಹಳದಿ ಹೂವೊಂದರ ಚಿತ್ರವಿದೆ. ನಾನು ಇದನ್ನು ಕೊಂಡದ್ದು ಆ ಮುಖಕ್ಕಾಗಿಯೇ. ಆದ್ದರಿಂದ ಬಣ್ಣ, ಗಾತ್ರಗಳಿಗಿಂತ ಹೆಚ್ಚಾಗಿ ಮುಖಗಳು ಎಷ್ಟು ಚೆನ್ನಾಗಿ ಮೂಡಿದವು ಎಂಬುದನ್ನೇ ಇಲ್ಲಿ ಅಳೆದಿದ್ದೇನೆ. ಬೀಜದ ಗುಣಮಟ್ಟ ಉತ್ತಮವಾಗಿದೆ, ಆದರೆ ಪೊಟ್ಟಣದ ಮೇಲಿನ ಮಾಹಿತಿ ಸಾಲದು.

ಪ್ಯಾನ್ಸಿಗೆ ಐದು ಎಸಳು. ಮೇಲಿನ ಎರಡು ಕಿವಿಗಳಂತೆ ಎದ್ದು ನಿಲ್ಲುತ್ತವೆ, ಪಕ್ಕದ ಎರಡು ಕೆನ್ನೆಗಳಾಗುತ್ತವೆ, ಕೆಳಗಿನ ಅಗಲವಾದ ಒಂದೇ ಎಸಳು ಗಲ್ಲವಾಗುತ್ತದೆ. ಕೆಳಗಿನ ಮೂರು ಎಸಳುಗಳ ಮೇಲೆ ಹರಡುವ ಕಪ್ಪು ಕಲೆಗಳು ಮುಖದ ಭಾವವನ್ನು ನಿರ್ಧರಿಸುತ್ತವೆ. ಈ ಕಲೆಗಳಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ನಡುವಿನ ಹಳದಿ ಚುಕ್ಕೆಯ ಕಡೆಗೆ ಸಾಗುವ ಸಣ್ಣ ಗೆರೆಗಳು ನಮಗೆ ಮೀಸೆಯಾಗಿ ಕಂಡರೂ, ಜೇನುನೊಣಕ್ಕೆ ಅವು ದಾರಿ ತೋರಿಸುವ ಗುರುತುಗಳು. ಕೆಳ ಎಸಳಿನ ಹಿಂಬದಿಯ ಕೊಂಬಿನಂಥ ಚೀಲದಲ್ಲಿ ಮಕರಂದ ಇರುತ್ತದೆ.

ನನ್ನ ಗಿಡಗಳಲ್ಲಿ ಮೂಡಿದ ಮುಖಗಳಲ್ಲಿ ಎರಡು ವಿಶೇಷವಾಗಿ ಹಿಡಿಸಿದವು. ತಾಮ್ರದ ಬಣ್ಣದ ಒಂದು ಹೂವಿನಲ್ಲಿ ಕಲೆ ಎಷ್ಟು ದಟ್ಟವಾಗಿತ್ತೆಂದರೆ, ಅಂಚಿನಲ್ಲಿ ಮಾತ್ರ ಉಳಿದ ತಾಮ್ರವರ್ಣ ಕೇಸರದಂತೆ ಸುತ್ತುವರಿದು ಅದು ಅಚ್ಚುಕಟ್ಟಾಗಿ ಸಿಂಹದ ಮುಖವಾಯಿತು. ಇನ್ನೊಂದು ಬಿಳಿಯ ಹೂವು. ಅದರಲ್ಲಿ ಕಲೆಯೇ ಇರಲಿಲ್ಲ, ಕೆನ್ನೆಗಳ ಮೇಲೆ ನೇರಳೆಯ ತೆಳು ಗೆರೆಗಳಷ್ಟೇ ಇದ್ದವು, ಆದರೂ ಎಳೆಯ ಬೆಕ್ಕೊಂದು ಕತ್ತೆತ್ತಿ ನೋಡಿದ ಹಾಗಿತ್ತು. ನಾಯಿಮರಿಯಂಥವೂ ಮುಸುವನಂಥವೂ ಇದ್ದವು. ಅವುಗಳಲ್ಲಿ ಕೆಲವನ್ನು ಮುಖವೆಂದು ಒಪ್ಪಲು ನೋಡುವವರ ಕಲ್ಪನೆಯ ನೆರವೂ ಬೇಕು.

ಆಕ್ಷೇಪ ಇರುವುದು ಮಿಶ್ರಣದ ಬಗ್ಗೆ. ಕಲೆಯಾಗಲಿ ಗೆರೆಯಾಗಲಿ ಇಲ್ಲದ, ಒಂದೇ ಬಣ್ಣದ ಹೂಗಳು ಇದರಲ್ಲಿ ಸಾಕಷ್ಟಿವೆ. ಅವು ಚಂದವೇ, ಆದರೆ ಮುಖಕ್ಕಾಗಿ ಕೊಂಡವರಿಗೆ ನಿರಾಸೆಯಾಗುತ್ತದೆ. ಮೂಲದ ಕಾಡು ಪ್ಯಾನ್ಸಿಯಲ್ಲಿ ನಡುವಿನಿಂದ ಹೊರಡುವ ಗೆರೆಗಳಷ್ಟೇ ಇದ್ದವು. 19ನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ತೋಟಗಾರ ವಿಲಿಯಂ ಥಾಮ್ಸನ್ ತಳಿ ಬೆಳೆಸುತ್ತಿದ್ದಾಗ ಆ ಗೆರೆಗಳ ಬದಲು ದಟ್ಟ ಕಲೆಯಿದ್ದ ಸಸಿಯೊಂದು ಕಾಣಿಸಿಕೊಂಡಿತು. ಇಂದಿಗೂ ಕಲೆಯುಳ್ಳ ತಳಿ ಮತ್ತು ಕಲೆಯಿಲ್ಲದ ತಳಿಗಳೆಂದು ಬೀಜ ಬೇರೆಬೇರೆಯಾಗಿ ಸಿಗುತ್ತಿರುವಾಗ, ಯಾವುದು ಎಷ್ಟು ಸೇರಿದೆ ಎಂದು ಪೊಟ್ಟಣದ ಮೇಲೆ ಒಂದು ಸಾಲು ಮುದ್ರಿಸುವುದು ಕಷ್ಟವಲ್ಲ.

ಬೆಳೆಸುವ ವಿಧಾನದಲ್ಲೂ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ: ಪ್ಯಾನ್ಸಿ ಬೀಜ ಕತ್ತಲಲ್ಲಿ ಚೆನ್ನಾಗಿ ಮೊಳೆಯುತ್ತದೆ, ಆದ್ದರಿಂದ ಅದನ್ನು ತೆಳುವಾಗಿ ಮಣ್ಣಿನಿಂದ ಮುಚ್ಚಬೇಕು. ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದರೆ ಎರಡು ವಾರದೊಳಗೆ ಸಸಿ ತಲೆ ಎತ್ತುತ್ತದೆ. ಬಿಸಿಲು ಬಲಿತರೆ ಹೂ ಚಿಕ್ಕದಾಗಿ, ಗಿಡ ಉದ್ದಕ್ಕೆ ಬೆಳೆದು ಸೊರಗುತ್ತದೆ. ತಂಪು ಕಾಲದಲ್ಲೇ ಬಿತ್ತುವುದು ಮೇಲು. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೊಸ ಮುಖಗಳು ಬರುತ್ತಲೇ ಇರುತ್ತವೆ. ಹೂಗಳು ಬೆಳಕಿನ ಕಡೆಗೆ ತಿರುಗುವುದರಿಂದ, ಬೆಳಕು ನಮ್ಮ ಬೆನ್ನ ಹಿಂದಿನಿಂದ ಬೀಳುವಂತೆ, ಸಾಧ್ಯವಾದಷ್ಟು ಕಣ್ಣಿನ ಎತ್ತರದಲ್ಲಿ ಕುಂಡವನ್ನಿಟ್ಟರೆ ಸಾಲಾಗಿ ಎಲ್ಲ ಮುಖಗಳೂ ಎದುರಾಗುತ್ತವೆ.

ಮಕ್ಕಳಿರುವ ಮನೆಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮುಖವೇ ಬೇಕೆನ್ನುವವರು ಮಾತ್ರ ಮಿಶ್ರಣವನ್ನು ಬಿಟ್ಟು, ಕಲೆಯುಳ್ಳ ತಳಿಯೆಂದು ಸ್ಪಷ್ಟವಾಗಿ ಬರೆದಿರುವ ಪೊಟ್ಟಣವನ್ನು ಕೊಳ್ಳಲಿ. ಎಫ್1 ಹೈಬ್ರಿಡ್ (ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ) ಎಂದು ನಮೂದಿಸಿದ್ದರೆ, ಅದರ ಹೂವಿನಿಂದ ಬೀಜ ಹಿಡಿದಿಟ್ಟು ಬಿತ್ತಿದಾಗ ಅದೇ ಮುಖ ಮರಳಿ ಬರುವ ಖಾತ್ರಿಯಿಲ್ಲವಾದ್ದರಿಂದ, ಮುಂದಿನ ವರ್ಷಕ್ಕೆ ಹೊಸ ಬೀಜವನ್ನೇ ತರಬೇಕಾಗುತ್ತದೆ.